ಇನ್ನೂರ ಹನ್ನೆರಡನೇ ಕಿವಿ

ನಮ್ಮ ತೊರೆಪಾಳ್ಯದ ಮೋರಿಗಳಿಗೆ ಕಿವಿ ಬಂದ ವರ್ಷ ಜನ ಜಗಲಿಯ ಮೇಲೆ ಕೂತು ಮಾತಾಡುವುದನ್ನೇ ಬಿಟ್ಟರು. ಕೂತರೂ ಪಿಸುಪಿಸು. ಚಪ್ಪಡಿಯ ಕೆಳಗೆ ಕಿವಿ ಇಟ್ಟಿದ್ದಾರಂತೆ, ಅತ್ತೆಯ ಮೇಲೆ ಆಡಿದ ಮಾತೆಲ್ಲ ನಗರಸಭೆಯ ಕಂಪ್ಯೂಟರಿಗೆ ಹೋಗುತ್ತದಂತೆ ಎಂದು ಯಾರೋ ಹಬ್ಬಿಸಿದ್ದರು. ಯಾರು ಹಬ್ಬಿಸಿದರು ಎಂದೂ ನನಗೆ ಗೊತ್ತು, ಬಿಡಿ, ಈಗ ಅದು ಬೇಡ. ನಿಜ ಹೇಳಬೇಕೆಂದರೆ ಆ ಕಿವಿಗಳಿಗೆ ಮನುಷ್ಯರ ಗೊಡವೆಯೇ ಇರಲಿಲ್ಲ. ಅವಕ್ಕೆ ಬೇಕಾಗಿದ್ದದ್ದು ನೀರಿನ ಸದ್ದು. ಮನುಷ್ಯರ ಸದ್ದು ಬಂದರೆ ಅದು ಏನೂ ಅಲ್ಲ ಎಂದು ಅವಕ್ಕೆ ಕಲಿಸಿಕೊಟ್ಟಾಗಿತ್ತು. ಕಲಿಸಿದವನು ನಾನೇ.

ನನ್ನ ಹೆಸರು ಗಂಗಹನುಮಯ್ಯ. ನಗರಸಭೆಯಲ್ಲಿ ಮೂವತ್ತೊಂದು ವರ್ಷ ವಾಟರ್‌ಮ್ಯಾನ್ ಆಗಿದ್ದೆ. ವಾಲ್ವ್ ತಿರುಗಿಸುವುದು, ನೀರು ಬಿಡುವುದು, ಬಿಡದಿದ್ದಾಗ ಬೈಸಿಕೊಳ್ಳುವುದು, ಬಿಟ್ಟಾಗಲೂ ಬೈಸಿಕೊಳ್ಳುವುದು. ಆದರೆ ನನ್ನ ಅಸಲಿ ಕಸುಬು ಕೇಳುವುದು. ಆರು ಅಡಿಯ ಒಂದು ಕಬ್ಬಿಣದ ಸರಳಿದೆ ನನ್ನ ಹತ್ತಿರ. ಅದರ ಒಂದು ತುದಿಯನ್ನು ರಸ್ತೆಗೆ ಊರಿ ಇನ್ನೊಂದು ತುದಿಗೆ ಎಡಗಿವಿ ಕೊಟ್ಟರೆ ಕೆಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಗೇಣು ಲೆಕ್ಕದಲ್ಲಿ ಹೇಳಿಬಿಡುತ್ತಿದ್ದೆ. ಜಂಬ ಅಂದುಕೊಂಡರೂ ಪರವಾಗಿಲ್ಲ. ಇಂಥ ಕಿವಿ ಈ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ.

ಹಳೇಪೇಟೆಯಲ್ಲಿ ನೀರಿನ ಪೈಪುಗಳು ಕಲ್ಲುಮೋರಿಯ ಒಳಗೇ ಹೋಗುತ್ತವೆ. ಕಲ್ಲುಮೋರಿ ಅಂದರೆ ಯಾವ ಕಾಲದ್ದೋ, ಮೇಲಿನ ದೊಡ್ಡಕೆರೆಯ ಹೆಚ್ಚಿನ ನೀರನ್ನು ಊರಿನ ಅಡಿಯಿಂದ ಕೆಳಗಿನ ಕೆರೆಗೆ ದಾಟಿಸಲು ಕಟ್ಟಿದ್ದು. ಬಗ್ಗಿಕೊಂಡು ಹೋಗುವಷ್ಟೇ ಎತ್ತರ. ನಾನು ಮೇಲೆ ನಿಂತು ಕೇಳುತ್ತಿದ್ದೆ, ಕದುರಪ್ಪ ಒಳಗೆ ಇಳಿದು ಸೋರಿಕೆ ಕಟ್ಟುತ್ತಿದ್ದ. ನನ್ನದು ಕಾಯಂ ನೌಕರಿ, ಅವನದು ಗುತ್ತಿಗೆಯದು. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ದುಡಿದೆವು. ಅಷ್ಟು ವರ್ಷದಲ್ಲಿ ಒಂದೇ ಒಂದು ದಿನ ಅವನು ಮೇಲೆ, ನಾನು ಒಳಗೆ ಅಂತ ಆಗಲಿಲ್ಲ. ಆಗಬಹುದಿತ್ತು ಎಂದು ನನಗೆ ಹೊಳೆಯಲೂ ಇಲ್ಲ.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಕದುರಪ್ಪನ ತಾತ ಬಾವಿ ತೋಡುವವನಂತೆ, ಅವನಿಂದ ಬಂದದ್ದು. ಒಳಗೆ ಹೋದವನು ಹಾರೆಯಿಂದ ಕಲ್ಲಿಗೆ ಮೂರು ಸಲ ಬಡಿಯಬೇಕು: ನಾನಿದ್ದೀನಿ. ಮೇಲಿದ್ದವನು ಎರಡು ಸಲ ಬಡಿಯಬೇಕು: ನಾನೂ ಇದ್ದೀನಿ. ಎಲೆಅಡಿಕೆ ಹಾಕಿ ಉಗಿಯುವಷ್ಟು ಹೊತ್ತಿಗೊಮ್ಮೆ ಇದು ನಡೆಯಬೇಕು. ಮೂರು ಕೇಳಿಸದಿದ್ದರೆ ಮೇಲಿದ್ದವನು ಚಪ್ಪಡಿ ಎತ್ತಬೇಕು. ಎರಡು ಕೇಳಿಸದಿದ್ದರೆ ಒಳಗಿದ್ದವನು ಇದ್ದ ಕೆಲಸ ಬಿಟ್ಟು ಹೊರಗೆ ಬರಬೇಕು. ಮಾತಿಲ್ಲ, ಕತೆಯಿಲ್ಲ. ನನ್ನ ಹೆಂಡತಿ ತೀರಿಕೊಂಡ ಮೇಲೆ ದಿನದಲ್ಲಿ ಯಾರಾದರೂ ನನಗೆ ‘ಇದ್ದೀಯಾ’ ಎಂದು ಕೇಳುತ್ತಿದ್ದರೆ ಅದು ಆ ಬಡಿತದಲ್ಲಿ ಮಾತ್ರ.

ಆಮೇಲೆ ಊರು ಬೆಳೆಯಿತು. ಹೆದ್ದಾರಿ ಬಂತು, ಗೋಡೌನು ಬಂತು, ನಲವತ್ತು ಸಾವಿರ ಜನರ ಊರು ಎರಡೂವರೆ ಲಕ್ಷಕ್ಕೆ ಏರಿತು. ಕಾಲುವೆಯ ಮೇಲೆ ಬಡಾವಣೆ, ಬಡಾವಣೆಯ ಮೇಲೆ ಕಲ್ಯಾಣಮಂಟಪ. ನೀರಿಗೆ ಅಷ್ಟೆಲ್ಲ ತಿಳಿಯುತ್ತದೆಯೇ? ಅದು ತನ್ನ ಹಳೆಯ ದಾರಿಯಲ್ಲೇ ಬಂದು ಜನರ ಅಡುಗೆಮನೆಯಲ್ಲಿ ನಿಂತಿತು. ಮೂರು ವರ್ಷ ಸತತವಾಗಿ ಹೀಗಾದ ಮೇಲೆ ‘ಶ್ರವಣ’ ಬಂತು.

ನಾನೂರ ಆರು ಕಿವಿಗಳು. ಒಂದೊಂದೂ ಹಳೆಯ ಎಂಟಾಣೆಯಷ್ಟು ಅಗಲ. ಚಪ್ಪಡಿಯ ತಳಕ್ಕೆ ಅಂಟಿಸಿದರೆ ಸಾಕು, ಹರಿಯುವ ನೀರಿನ ನಡುಕದಿಂದಲೇ ತನಗೆ ಬೇಕಾದ ಕರೆಂಟು ಮಾಡಿಕೊಂಡು, ಕೇಳಿಸಿದ್ದನ್ನೆಲ್ಲ ನಗರಸಭೆಯ ಮಹಡಿಯ ಕೋಣೆಗೆ ಕಳಿಸುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ಮೋರಿಯೂ ಹಾಗೇ. ಅರ್ಧ ಇದ್ದಾಗ ಗಲಾಟೆ ಮಾಡುತ್ತದೆ, ತುಂಬಿದಾಗ ಗುಂ ಎಂದು ಸುಮ್ಮನಾಗುತ್ತದೆ. ಹೂಳು ಕೂತರೆ ಒಂದು ಸದ್ದು, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ಇನ್ನೊಂದು. ಶ್ರವಣ ಇವನ್ನೆಲ್ಲ ಕೇಳಿ ಊರಿನ ಏಳು ಗೇಟುಗಳನ್ನು ತಾನೇ ಎತ್ತಿ ಇಳಿಸುತ್ತಿತ್ತು. ಯಾರಾದರೂ ಮೋರಿಗೆ ಕಸ ಹಾಕಿದರೆ ಆ ಮನೆಯ ಫೋನಿಗೆ ‘ನಿಮ್ಮ ಮನೆ ಮುಂದೆ ಚೀಲ ಬಿದ್ದ ಸದ್ದಾಯಿತು’ ಎಂದು ಸಂದೇಶ ಹೋಗುತ್ತಿತ್ತು. ಬೋಂಡಾ ಅಂಗಡಿಯವನು ಎಣ್ಣೆ ಚೆಲ್ಲುವುದನ್ನು ನಿಲ್ಲಿಸಿದ. ಮಕ್ಕಳು ಮಾತ್ರ ಬೇಕೆಂದೇ ಕಲ್ಲು ಹಾಕಿ ಸಂದೇಶ ಬರುವುದನ್ನು ಕಾದು ನಗುತ್ತಿದ್ದವು.

ಆದರೆ ಯಂತ್ರಕ್ಕೆ ಹುಟ್ಟುತ್ತಲೇ ಇದೆಲ್ಲ ಬರುವುದಿಲ್ಲವಲ್ಲ. ಯಾವ ಸದ್ದು ಯಾವುದು ಎಂದು ಯಾರಾದರೂ ಹೇಳಿಕೊಡಬೇಕು. ಅದಕ್ಕೇ ಸಂಹಿತಾ ಮೇಡಂ ನನ್ನನ್ನು ಹುಡುಕಿಕೊಂಡು ಬಂದರು. ವಯಸ್ಸಿನಲ್ಲಿ ಚಿಕ್ಕವರು, ಆ ಯಂತ್ರ ಮಾಡಿದವರ ಪೈಕಿ ಒಬ್ಬರು. ನಿವೃತ್ತಿಯಾಗಿ ಮನೆಯಲ್ಲಿ ನಲ್ಲಿಯ ಹನಿ ಎಣಿಸುತ್ತ ಕೂತಿದ್ದ ನನ್ನನ್ನು ಕರೆದೊಯ್ದು, ತಲೆಗೆ ಹೆಡ್‌ಫೋನ್ ಹಾಕಿ, ನಲವತ್ತು ದಿನ ಸದ್ದು ಕೇಳಿಸಿದರು. ನಾನು ಹೇಳಬೇಕು, ಅವರು ಗುರುತು ಹಾಕಬೇಕು. ಹೂಳು. ಕಲ್ಲು. ಚೀಲ. ಚೀಲ. ತೆಂಗಿನ ಚಿಪ್ಪು. ನನಗೆ ಮದುಮಗನ ಖುಷಿ.

ಹದಿನೈದನೇ ದಿನವೋ ಹದಿನಾರನೆಯ ದಿನವೋ, ಹೆಡ್‌ಫೋನಿನಲ್ಲಿ ಮೂರು ಬಡಿತ ಕೇಳಿತು.

ನನ್ನ ಕೈ ತಾನಾಗಿ ಮೇಜಿನ ಮೇಲೆ ಎರಡು ಸಲ ಬಡಿಯಿತು. ಮೇಡಂ ನಕ್ಕು, ಇದೇನು ಎಂದು ಕೇಳಿದರು. ಮೋರಿಯೊಳಗೆ ಆಳು ಇಳಿಸಬಾರದು ಎಂದು ಕಾನೂನಿದೆ. ಇಳಿಸುತ್ತಿಲ್ಲ ಎಂದು ನಗರಸಭೆ ಪ್ರತಿ ವರ್ಷ ಬರೆದುಕೊಡುತ್ತದೆ. ಹೂಳು ಹೀರುವ ಸಕ್ಕಿಂಗ್ ಮಿಷನ್ ಕಲ್ಲುಮೋರಿಯ ಬಾಯಿಗೆ ಹಿಡಿಸುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ನಾನು ‘ಕದುರಪ್ಪ’ ಎಂದರೆ ನಾಳೆಯೇ ಅವನ ಕೆಲಸ ಹೋಗುತ್ತದೆ, ಇಷ್ಟು ವರ್ಷ ಮೇಲೆ ನಿಂತವನು ಯಾರು ಎಂದೂ ಕೇಳುತ್ತಾರೆ. ಅವನಿಗಾಗಿ ಹೆದರಿದೆನೋ ನನಗಾಗಿ ಹೆದರಿದೆನೋ, ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

“ಏನಿಲ್ಲ ಮೇಡಂ,” ಎಂದೆ.

ಅವರು ‘ಏನಿಲ್ಲ’ ಎಂದು ಗುರುತು ಹಾಕಿದರು. ಆ ಸದ್ದು ಮತ್ತೆ ಬಂತು, ಮತ್ತೆ ಬಂತು. ನಾನು ಪ್ರತಿ ಸಲವೂ ಏನಿಲ್ಲ, ಏನಿಲ್ಲ ಎನ್ನುತ್ತಲೇ ಹೋದೆ. ಯಂತ್ರ ಚುರುಕು. ಎರಡೇ ದಿನದಲ್ಲಿ ನನ್ನನ್ನು ಕೇಳದೆ ತಾನೇ ಹೇಳತೊಡಗಿತು.

ಮಹಡಿಯ ಕೋಣೆಯಲ್ಲಿ ಶುರುವಿಗೆ ಆರು ಜನ ಇದ್ದೆವು. ಉದ್ಘಾಟನೆಯ ಹಾರ ಒಣಗುವ ಹೊತ್ತಿಗೆ ಮೂವರಾದೆವು. ವರ್ಷ ಕಳೆಯುವಷ್ಟರಲ್ಲಿ ನಾನೊಬ್ಬನೇ. ಸಂಹಿತಾ ಮೇಡಂ ರಾಜಧಾನಿಯ ಕಚೇರಿಗೆ ಹೋದರು. ಯಂತ್ರವೇ ಎಲ್ಲ ಮಾಡುವಾಗ ಮನುಷ್ಯರು ಯಾಕೆ ಎಂದು ಪೌರಾಯುಕ್ತರ ವಾದ. ಏನಾದರೂ ಎಡವಟ್ಟಾದರೆ ಹೆಸರು ಹೇಳುವುದಕ್ಕೆ ಒಬ್ಬ ಇರಲಿ ಎಂದು ನನ್ನನ್ನು ಉಳಿಸಿಕೊಂಡರು. ಕೆಳಗೆ ಕಂದಾಯ ವಿಭಾಗದ ಗದ್ದಲ, ಮೇಲೆ ನಾನು ಮತ್ತು ಒಂದು ಹೆಣ್ಣುಧ್ವನಿ. ‘ಮೂವತ್ತೊಂಬತ್ತು, ಹೂಳು. ನೂರ ನಾಲ್ಕು, ಚೀಲ. ಇನ್ನೂರ ಹನ್ನೆರಡು, ಏನಿಲ್ಲ.’

ಇನ್ನೂರ ಹನ್ನೆರಡು ಹಳೇಪೇಟೆಯ ಕಲ್ಲುಮೋರಿ. ಆ ‘ಏನಿಲ್ಲ’ ಬಂದಾಗಲೆಲ್ಲ ನಾನು ಆ ಕಿವಿಯ ಸದ್ದು ಜೋರು ಮಾಡಿ ಕೇಳುತ್ತಿದ್ದೆ. ಮೂರು ಬಡಿತ. ಮೇಲೆ ಈಗ ಯಾರೂ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಗುತ್ತಿಗೆದಾರನ ಮೇಸ್ತ್ರಿ ಅವನನ್ನು ಇಳಿಸಿ ಟೀ ಕುಡಿಯಲು ಹೋಗುತ್ತಿದ್ದ. ಉತ್ತರ ಬರುವುದಿಲ್ಲ ಎಂದು ತಿಳಿದೂ ಕದುರಪ್ಪ ಬಡಿಯುತ್ತಿದ್ದ, ಬಡಿದರೆ ಮಹಡಿಯಲ್ಲಿ ನನಗೆ ಕೇಳಿಸುತ್ತದೆ ಎಂದು ಅವನಿಗೆ ಹೇಳಿದ್ದೆನಲ್ಲ. ನಾನು ಮೇಜಿನ ಮೇಲೆ ಎರಡು ಬಡಿಯುತ್ತಿದ್ದೆ. ಅದು ಅವನಿಗೆ ಕೇಳಿಸುತ್ತಿರಲಿಲ್ಲ.

ಭಾನುವಾರ ಅವನ ಮನೆಯ ಕಡೆ ಹೋಗುತ್ತಿದ್ದೆ. ಕದುರಪ್ಪ, ಅವನ ಹೆಂಡತಿ ತಿಪ್ಪಕ್ಕ, ನಾನು. ಅವರು ಬಾಗಿಲಲ್ಲಿ, ನಾನು ಜಗಲಿಯಲ್ಲಿ. ಟೀ ಎದುರಿನ ಹೋಟೆಲಿನಿಂದ ಬರುತ್ತಿತ್ತು. ಇಪ್ಪತ್ತೆರಡು ವರ್ಷದ ಗೆಳೆತನ ಆ ಮನೆಯ ಹೊಸ್ತಿಲು ದಾಟಿರಲಿಲ್ಲ ಎಂದು ಹೇಳಿದರೆ ನೀವು ನನ್ನ ಬಗ್ಗೆ ಏನಂದುಕೊಳ್ಳುತ್ತೀರೋ ಅದೇ ಸರಿ. ತಿಪ್ಪಕ್ಕ ಒಂದೇ ಒಂದು ಸಲ, ‘ಈ ವಯಸ್ಸಿನಲ್ಲಿ ಇವರನ್ನ ಯಾಕೆ ಇಳಿಸ್ತಾರಣ್ಣ’ ಎಂದಳು. ಇಳಿಸುವುದಿಲ್ಲ ಎಂದೇ ದಾಖಲೆಯಲ್ಲಿದೆಯಲ್ಲ, ಯಾರನ್ನು ಕೇಳುವುದು ಎಂದು ನಾನು ತೇಲಿಸಿಬಿಟ್ಟೆ.

ಶ್ರವಣ ಬಂದು ಎರಡು ವರ್ಷವಾದ ಮೇ ತಿಂಗಳ ಒಂದು ಮಧ್ಯಾಹ್ನ, ಮೂರೂವರೆ ಗಂಟೆ. ಕೃತ್ತಿಕಾ ಮಳೆ. ಊರಿನಲ್ಲಿ ಚುರುಚುರು ಬಿಸಿಲು, ಆದರೆ ಮೇಲಿನ ಗುಡ್ಡಸಾಲಿನಲ್ಲಿ ಆಕಾಶ ಕಳಚಿ ಬಿದ್ದಿತ್ತು. ದೊಡ್ಡಕೆರೆಯ ಮಟ್ಟ ಏರುವುದು ಪರದೆಯ ಮೇಲೆ ಕಾಣುತ್ತಿತ್ತು. ಶ್ರವಣ ತಣ್ಣಗೆ ಹೇಳಿತು: ‘ಹನ್ನೊಂದು ನಿಮಿಷದಲ್ಲಿ ನಾಲ್ಕನೇ ಗೇಟು ತೆರೆಯಲಾಗುವುದು.’ ನಾಲ್ಕನೇ ಗೇಟು ತೆರೆದರೆ ಕೆರೆಯ ನೀರು ಕಲ್ಲುಮೋರಿಗೆ ನುಗ್ಗುತ್ತದೆ. ನುಗ್ಗಬೇಕಾದ್ದೇ. ಅದಕ್ಕೇ ಅದನ್ನು ಕಟ್ಟಿದ್ದು.

‘ಇನ್ನೂರ ಹನ್ನೆರಡು, ಏನಿಲ್ಲ.’

ಜೋರು ಮಾಡಿದೆ. ಮೂರು ಬಡಿತ. ನಿಧಾನ, ನೆಮ್ಮದಿಯ ಬಡಿತ. ಒಳಗಿದ್ದವನಿಗೆ ಗುಡ್ಡದ ಮೇಲಿನ ಮಳೆ ಹೇಗೆ ಕಾಣಬೇಕು?

ಅವನ ಫೋನಿಗೆ ಹಚ್ಚಿದೆ. ಅದು ಚಪ್ಪಡಿಯ ಪಕ್ಕ ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿ ಒದರುತ್ತಿರುತ್ತದೆ ಎಂದು ಗೊತ್ತಿದ್ದೂ ಹಚ್ಚಿದೆ. ಮೇಸ್ತ್ರಿ ಎತ್ತಲಿಲ್ಲ. ಪೌರಾಯುಕ್ತರು ಸಭೆಯಲ್ಲಿದ್ದರು. ಒಂಬತ್ತು ನಿಮಿಷ. ಹಳೇಪೇಟೆಗೆ ಹೋಗಿ ಅವನನ್ನು ಹತ್ತಿಸುವಷ್ಟು ಹೊತ್ತಿರಲಿಲ್ಲ. ಗೇಟು ತಡೆಯುವ ಗುಂಡಿ ಒತ್ತಿದೆ. ಕಾರಣ ಆರಿಸಿ ಎಂದು ಕೇಳಿತು. ಪಟ್ಟಿಯಲ್ಲಿ ಮೂರೇ ಇದ್ದವು. ಗೇಟು ಕೆಟ್ಟಿದೆ ಎಂದರೆ ತಂತ್ರಜ್ಞನ ಗುರುತಿನ ಸಂಖ್ಯೆ ಬೇಕು, ನನ್ನ ಬಳಿ ಇಲ್ಲ. ಕಲ್ಲು ಅಡ್ಡ ಬಿದ್ದಿದೆ ಎಂದರೆ ತಡೆಯುವುದಿರಲಿ, ಅದನ್ನು ಕೊಚ್ಚಿಹಾಕಲು ಇನ್ನೂ ಹೆಚ್ಚು ನೀರು ಬಿಡುತ್ತದೆ. ಮೂರನೆಯದು ಜಾನುವಾರು.

ಅದು ಅಲ್ಲಿಗೆ ಹೇಗೆ ಬಂತು ಹೇಳುತ್ತೇನೆ. ಹಿಂದಿನ ವರ್ಷ ಒಂದು ಎಮ್ಮೆ ಮೋರಿಗೆ ಇಳಿದು ಗೇಟಿನ ನೀರಿಗೆ ಸಿಕ್ಕಿ ಸತ್ತಿತ್ತು. ಜನ ಎರಡು ದಿನ ಹೆದ್ದಾರಿ ತಡೆದಿದ್ದರು. ವಾರದೊಳಗೆ ಯಂತ್ರಕ್ಕೆ ಜಾನುವಾರಿನ ಸದ್ದು ಕಲಿಸುವಂತೆ ಆದೇಶ ಬಂತು. ಮನುಷ್ಯ ಎಂಬುದು ಪಟ್ಟಿಯಲ್ಲಿ ಇರಲಿಲ್ಲ. ಮೋರಿಯೊಳಗೆ ಮನುಷ್ಯ ಹೋಗುವುದೇ ಇಲ್ಲವಲ್ಲ.

ಜಾನುವಾರು ಒತ್ತಿದೆ. ‘ಸದ್ದು ಹೊಂದುತ್ತಿಲ್ಲ. ಇನ್ನೂರ ಹನ್ನೆರಡರಲ್ಲಿ ಏನಿಲ್ಲ,’ ಎಂದಿತು. ನಾನು ಹೇಳಿಕೊಟ್ಟ ಪಾಠವನ್ನೇ ನನಗೆ ಒಪ್ಪಿಸುತ್ತಿತ್ತು. ಅಯ್ಯೋ ದರಿದ್ರ ಮುಂಡೇದೇ, ಅದು ಕದುರ ಕಣೇ ಎಂದು ಆ ಪರದೆಯ ಮುಂದೆ ನಿಂತು ಕೂಗಿದೆ. ಅದಕ್ಕೆ ನನ್ನ ಮಾತು ಕೇಳಿಸುತ್ತಿರಲಿಲ್ಲ, ಅದರ ಕಿವಿಗಳೆಲ್ಲ ಮೋರಿಯಲ್ಲಿದ್ದವು. ಏಳು ನಿಮಿಷ. ಕಲಿಸುವ ಪುಟ ತೆರೆದೆ. ಈಗಷ್ಟೇ ಬಂದ ಮೂರು ಬಡಿತವನ್ನು ಆರಿಸಿ, ‘ಏನಿಲ್ಲ’ ಎಂಬುದನ್ನು ಹೊಡೆದುಹಾಕಿ, ‘ಜಾನುವಾರು’ ಎಂದು ಗುರುತಿಟ್ಟು, ಖಚಿತವೇ ಎಂದು ಕೇಳಿದ್ದಕ್ಕೆಲ್ಲ ಹೌದು, ಹೌದು, ಹೌದು ಎಂದು ಒತ್ತಿದೆ.

ಎಷ್ಟೋ ಹೊತ್ತಾಯಿತು ಅನ್ನಿಸಿತು. ಮತ್ತೆ ಮೂರು ಬಡಿತ ಬಂತು. ಶ್ರವಣ ಹೇಳಿತು: ‘ಇನ್ನೂರ ಹನ್ನೆರಡು. ಜಾನುವಾರು ಒಂದು. ನಾಲ್ಕನೇ ಗೇಟು ತಡೆಯಲಾಗಿದೆ. ಐದನೇ ಗೇಟು ತೆರೆಯಲಾಗುವುದು.’

ಸರಳು ಹಿಡಿದು ಸ್ಕೂಟರಿನಲ್ಲಿ ಹಳೇಪೇಟೆಗೆ ಓಡಿದೆ. ಚಪ್ಪಡಿಯ ಮೇಲೆ ಎರಡು ಬಡಿದೆ. ತುಸು ಹೊತ್ತಿಗೆ ಕದುರಪ್ಪ ಮಂಡಿ ಊರುತ್ತ ಬೆಳಕಿಗೆ ಬಂದ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ. ಇಲ್ಲಿ ಯಾಕೆ ಬಂದೆ, ಅಲ್ಲಿ ಕುಂತಿರಬೇಕಲ್ಲವಾ ಎಂದ. ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ, ಎರಡು ವರ್ಷದ ಹಿಂದೆ ಏನಿಲ್ಲ ಎಂದದ್ದನ್ನೂ. ಅವನು ಕಾಲಿನ ಕೆಸರು ಕೆರೆದುಕೊಳ್ಳುತ್ತ ಕೇಳಿದ. ತನ್ನನ್ನು ಎಮ್ಮೆ ಮಾಡಿದ ಭಾಗ ಬಂದಾಗ ನಕ್ಕುಬಿಟ್ಟ. “ನಮ್ಮೋಳು ಬೈಯೋದೂ ಅಂಗೇ ಬಿಡು,” ಎಂದ. ಇಬ್ಬರೂ ನಕ್ಕೆವು. ಅದು ನಾವಿಬ್ಬರೂ ಜೊತೆಯಲ್ಲಿ ನಕ್ಕ ಕೊನೆಯ ದಿನ.

ಐದನೇ ಗೇಟಿನ ನೀರು ಹೊಸ ಬಸ್ ನಿಲ್ದಾಣಕ್ಕೆ ಹೋಗಿತ್ತು. ಮಂಡಿಯುದ್ದ ನೀರು, ಮಳಿಗೆಗಳೆಲ್ಲ ಹಾಳು. ಸದ್ಯ, ಯಾರ ಜೀವಕ್ಕೂ ಏನಾಗಲಿಲ್ಲ. ಬಿಸಿಲಿನಲ್ಲಿ ಪ್ರವಾಹ ಬಂದದ್ದು ಯಾಕೆ ಎಂದು ಜನ ಕೇಳಿದರು. ಜಾನುವಾರೊಂದನ್ನು ಉಳಿಸಲು ಎಂದು ದಾಖಲೆ ಹೇಳಿತು, ಹೋದ ವರ್ಷದಂತೆ ಎಮ್ಮೆಯೇ ಎಂದು ಜನ ಅಂದುಕೊಂಡರು. ಹಾಗಾದರೆ ಎಮ್ಮೆ ಎಲ್ಲಿ ಎಂದು ಪತ್ರಿಕೆಯವರು ಕೇಳಿದರು.

ಪೌರಾಯುಕ್ತರು ನನ್ನನ್ನು ಕರೆಸಿ ಬಾಗಿಲು ಹಾಕಿಕೊಂಡರು. ಒಳಗೆ ಇದ್ದದ್ದು ಯಾರು ಎಂದು ಅವರು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಒಂದು ಹಾಳೆ ಮುಂದಿಟ್ಟರು. ಎಮ್ಮೆ ಇತ್ತು, ತಾನಾಗಿ ಕೆಳಗಿನ ಬಾಯಿಂದ ಹೊರಗೆ ಹೋಯಿತು ಎಂದು ಬರೆದಿತ್ತು. ನಾನು ರುಜು ಹಾಕಿದೆ.

ಮರುದಿನ ಗುತ್ತಿಗೆದಾರ ಎಲ್ಲಿಂದಲೋ ಒಂದು ಎಮ್ಮೆಯನ್ನೇ ಹಿಡಿದು ತಂದ. ನಗರಸಭೆಯ ಮುಂದೆ ಅದಕ್ಕೆ ಮೈ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಯಂತ್ರ ಉಳಿಸಿದ ಜೀವ ಎಂದು ಪತ್ರಿಕೆಯಲ್ಲಿ ಚಿತ್ರ ಬಂತು. ಚಿತ್ರದ ಮೂಲೆಯಲ್ಲಿ, ಜನರ ಹಿಂದೆ, ಪೊರಕೆ ಹಿಡಿದು ನಿಂತ ಕದುರಪ್ಪನ ಅರ್ಧ ಮುಖ ಕಾಣುತ್ತಿತ್ತು.

ಭಾನುವಾರ ಹೋದೆ. ಅವನು ಬಾಗಿಲಿಗೆ ಬರಲಿಲ್ಲ. ಒಳಗೆ ಗೋಡೆಗೆ ಒರಗಿ ಕೂತಿದ್ದ. ನಾನು ಹೊರಗಿನಿಂದಲೇ ಸಮಾಧಾನ ಹೇಳಿದೆ. ಇನ್ನು ಹೆದರಬೇಡ, ನೀನು ಮೂರು ಬಡಿದರೆ ಗೇಟು ತಡೆಯುತ್ತದೆ, ಒಳ್ಳೆಯದೇ ಆಯಿತು ಎಂದೆ.

“ಎಮ್ಮೆ ಬಾಗಿಲು ಬಡಿಯುತ್ತಾ, ಗಂಗಣ್ಣ?” ಎಂದ.

ಟೀ ಆರಿತು. ಎದ್ದು ಬಂದೆ.

ಅವತ್ತಿನಿಂದ ಅವನು ಬಡಿಯುವುದನ್ನು ನಿಲ್ಲಿಸಿದ. ಇಳಿಯುವುದನ್ನು ನಿಲ್ಲಿಸಲು ಅವನಿಂದ ಆಗುತ್ತದೆಯೇ? ಮೇಸ್ತ್ರಿ ಇಳಿ ಅಂದರೆ ಇಳಿಯಬೇಕು. ಇನ್ನೂರ ಹನ್ನೆರಡನ್ನು ಜೋರು ಮಾಡಿ ಕೂತರೆ ಕೆಸರಿನಲ್ಲಿ ಕಾಲು ಎಳೆಯುವ ಸದ್ದು ಕೇಳುತ್ತಿತ್ತು, ಒಮ್ಮೊಮ್ಮೆ ಕೆಮ್ಮು. ಬಡಿತ ಇಲ್ಲ. ‘ಏನಿಲ್ಲ,’ ಎನ್ನುತ್ತಿತ್ತು ಶ್ರವಣ. ಮುಂಗಾರು ಹತ್ತಿರ ಬರುತ್ತಿತ್ತು. ಅವನು ಇಳಿದ ಹೊತ್ತಿನಲ್ಲೇ ಗುಡ್ಡದಲ್ಲಿ ಮಳೆಯಾದರೆ, ನಾನು ಒಂದು ಗಳಿಗೆ ಕೋಣೆಯಿಂದ ಆಚೆ ಹೋಗಿದ್ದರೆ, ಮುಗಿಯಿತು. ಮಧ್ಯಾಹ್ನದ ಊಟಕ್ಕೂ ಏಳುವುದನ್ನು ಬಿಟ್ಟೆ. ಮನೆಗೆ ಹೋದರೂ ನಲ್ಲಿಯ ಹನಿ ಮೂರು ಮೂರಾಗಿ ಬಿದ್ದಂತೆ ಕೇಳುತ್ತಿತ್ತು.

ಕೊನೆಗೆ ಸಂಹಿತಾ ಮೇಡಂಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವರು, ಪಟ್ಟಿಗೆ ಹೊಸ ಹೆಸರು ಸೇರಿಸಲು ಮೇಲಿನಿಂದ ಆದೇಶ ಬೇಕು, ಇದಕ್ಕೆ ಯಾರೂ ಆದೇಶ ಕೊಡುವುದಿಲ್ಲ ಎಂದರು. ಆದರೆ ಒಂದು ದಾರಿಯಿದೆ. ಸ್ಥಳೀಯ ಸದ್ದು ಅಂತ ಒಂದು ಖಾನೆ ಇದೆ. ಮುನ್ನೂರು ಸಲ ಬೇರೆಬೇರೆ ಕಿವಿಗಳಿಂದ ಆ ಸದ್ದನ್ನು ಕೇಳಿಸಿ ಗುರುತಿಟ್ಟರೆ ಯಂತ್ರ ಒಪ್ಪುತ್ತದೆ, ಆ ಸದ್ದಿಗೂ ಗೇಟು ತಡೆಯುತ್ತದೆ. ಅಂತಿಮ ಒಪ್ಪಿಗೆ ತಾನು ಕೊಡುತ್ತೇನೆ ಎಂದರು. “ನನ್ನ ಕೆಲಸಕ್ಕೂ ಕುತ್ತು ಬರಬಹುದು. ಬರಲಿ. ಅವತ್ತು ನೀವು ಮೇಜು ಬಡಿದಿರಲ್ಲ, ನಾನು ಇನ್ನೊಂದು ಸಲ ಕೇಳಬೇಕಿತ್ತು,” ಎಂದರು.

ಮುನ್ನೂರು ಸಲ. ಒಬ್ಬ ಒಳಗೆ ಬಡಿಯಬೇಕು, ಒಬ್ಬ ಕೋಣೆಯಲ್ಲಿ ಗುರುತಿಡಬೇಕು. ಒಳಗೆ ಹೋಗು ಎಂದು ನಾನು ಯಾರನ್ನು ಕೇಳಲಿ? ಯಾವ ಬಾಯಿಂದ ಕೇಳಲಿ?

ಮಳೆ ಇಲ್ಲದ ಭಾನುವಾರ ನೋಡಿ, ನಾಲ್ಕನೇ ಗೇಟಿಗೆ ಕೈಬೀಗ ಜಡಿದು, ನಾನೇ ಇಳಿದೆ. ಅರವತ್ತೆರಡನೇ ವಯಸ್ಸಿನಲ್ಲಿ, ಮೊದಲ ಸಲ. ಮೂಗಿಗೆ ಬಟ್ಟೆ ಕಟ್ಟಿದ್ದರೂ ಮೊದಲ ಹೆಜ್ಜೆಗೇ ವಾಂತಿಯಾಯಿತು. ಬಗ್ಗಿ ನಡೆದರೆ ಸೊಂಟ ಮುರಿಯುತ್ತದೆ, ಮಂಡಿಯಲ್ಲಿ ಹೋದರೆ ಗಾಜಿನ ಚೂರು. ಮೂವತ್ತೊಂದು ವರ್ಷ ಮೇಲಿನಿಂದ ಕೇಳಿದ್ದೆ, ಊರಿನ ಹೊಟ್ಟೆಯೊಳಗಿನ ಸಂಗತಿಯೆಲ್ಲ ನನಗೆ ಗೊತ್ತು ಅಂದುಕೊಂಡಿದ್ದೆ. ಕತ್ತಲೆ ಎಷ್ಟು ದಪ್ಪ ಎಂಬುದು ಸರಳಿನಲ್ಲಿ ಕೇಳಿಸುವುದಿಲ್ಲ. ಕಲ್ಲಿಗೆ ಮೂರು ಬಡಿದೆ. ಮೇಲಿನಿಂದ ಎರಡು ಬರಲಿ ಎಂದು ಮೈಯೆಲ್ಲ ಕಾದಿತು. ಬರಲಿಲ್ಲ. ಉತ್ತರ ಇಲ್ಲದೆ ಎರಡು ವರ್ಷ ಕದುರಪ್ಪ ಇಲ್ಲಿ ಬಡಿದನಲ್ಲ ಎಂದು ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ.

ಹತ್ತು ಕಡೆ ಬಡಿದು, ಹತ್ತಿ ಬಂದು, ಮೈ ತೊಳೆದು, ನಗರಸಭೆಯ ಮಹಡಿಗೆ ಹೋಗಿ, ಒಂದೊಂದನ್ನೇ ಗುರುತಿಡುತ್ತಿದ್ದೆ. ಮಧ್ಯಾಹ್ನ ಮತ್ತೆ ಹತ್ತು. ಹೆಸರಿನ ಜಾಗದಲ್ಲಿ ‘ಮನುಷ್ಯ’ ಎಂದು ಟೈಪು ಮಾಡಿದೆ. ಮಳೆ ಬಿಡುವು ಕೊಟ್ಟ ಭಾನುವಾರಗಳಲ್ಲಿ ಮಾತ್ರ ಆಗುತ್ತಿತ್ತು. ಜೂನ್ ಕಳೆದು ಶ್ರಾವಣ ಬಂತು, ಗೌರಿ ಹಬ್ಬ ಬಂತು. ಒಂದು ದಿನ ಒದ್ದೆ ಬಟ್ಟೆಯಲ್ಲಿ ಹೊರಗೆ ಬಂದರೆ ತಿಪ್ಪಕ್ಕ ನಿಂತಿದ್ದಳು. ಯಾರು ಹೇಳಿದರೋ. ಏನೂ ಕೇಳದೆ ಮನೆಗೆ ಕರೆದೊಯ್ದು, ಕೊಡದಲ್ಲಿ ನೀರು ಕೊಟ್ಟು, ಒಳಗೆ ಚಾಪೆ ಹಾಕಿ, ಮುದ್ದೆ ಮತ್ತು ಹುರುಳಿ ಸಾರು ಬಡಿಸಿದಳು. ನಾನು ಒಳಗೆ ಕೂತು ಉಂಡೆ. ಕದುರಪ್ಪ ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದ. ನಾನು ಕೈ ತೊಳೆದು ಹೊರಡುವ ತನಕ ಒಡೆಯುತ್ತಲೇ ಇದ್ದ.

ಮುನ್ನೂರು ತುಂಬಿದ್ದು ಪಿತೃಪಕ್ಷದಲ್ಲಿ. ಮೇಡಂ ಒಪ್ಪಿಗೆ ಒತ್ತಿದರು. ಸರಿಯಾಗಿ ಕಲಿತಿದೆಯೋ ನೋಡಬೇಕಲ್ಲ, ಫೋನಿನಲ್ಲಿ ಶ್ರವಣದ ಧ್ವನಿ ಕೇಳುವಂತೆ ಮಾಡಿಕೊಂಡು ಮತ್ತೊಮ್ಮೆ ಇಳಿದೆ. ಮೂರು ಬಡಿದೆ. ಕತ್ತಲಿನಲ್ಲಿ ಆ ಹೆಣ್ಣುಧ್ವನಿ ಹೇಳಿತು:

‘ಇನ್ನೂರ ಹನ್ನೆರಡು. ಮನುಷ್ಯ. ಒಬ್ಬ.’

ಹೌದು ತಾಯಿ, ಒಬ್ಬನೇ ಎಂದೆ.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಹೊಸ ಹೆಸರು ಕಲಿತ ಯಂತ್ರ ಆ ವಾರದಲ್ಲಿ ತನ್ನ ಹಳೆಯ ಸದ್ದುಗಳನ್ನೆಲ್ಲ ತಾನೇ ಮತ್ತೆ ಓದಿಕೊಂಡಿತು. ‘ಏನಿಲ್ಲ’ ಎಂದು ಇಟ್ಟಿದ್ದ ಕಡೆಗಳಲ್ಲಿ ತಿದ್ದುತ್ತ ಹೋಯಿತು. ಮನುಷ್ಯ. ಮನುಷ್ಯ. ಬರೀ ಕಲ್ಲುಮೋರಿಯಲ್ಲಲ್ಲ. ಮಾರುಕಟ್ಟೆಯ ಹಿಂದೆ, ಆಸ್ಪತ್ರೆ ರಸ್ತೆಯಲ್ಲಿ, ನಾನು ಹೆಸರೂ ಕೇಳದ ಬಡಾವಣೆಗಳಲ್ಲಿ. ಕದುರಪ್ಪನ ತಾತನ ಪದ್ಧತಿ ಎಷ್ಟು ಜನರಿಗೆ ಹರಡಿತ್ತೋ, ಎಲ್ಲರೂ ಬಡಿಯುತ್ತಿದ್ದರು, ಎಲ್ಲರಿಗೂ ನಾನು ಏನಿಲ್ಲ ಎಂದಿದ್ದೆ. ಎರಡು ವರ್ಷಕ್ಕೆ ಒಂಬೈನೂರ ಮೂವತ್ತೊಂದು ಸಲ.

ಪೌರಾಯುಕ್ತರು ಮಹಡಿ ಹತ್ತಿ ಬಂದರು. ಇದನ್ನು ಅಳಿಸಿ ಎಂದರು. ನನಗೆ ಕಲಿಸುವುದು ಮಾತ್ರ ಗೊತ್ತು ಸಾರ್, ಮರೆಸುವುದು ಗೊತ್ತಿಲ್ಲ ಎಂದೆ. ನನ್ನನ್ನು ತೆಗೆಯುವ ಪತ್ರ ತಯಾರಾಗುತ್ತಿದೆ ಎಂದು ಕೆಳಗಿನ ಕಂದಾಯದವರು ಹೇಳಿದರು. ಆಗಲಿ. ಮೇಡಂ ಆ ದಾಖಲೆಯ ಪ್ರತಿಯನ್ನು ಕಳಿಸಬೇಕಾದ ಕಡೆಗೆಲ್ಲ ಕಳಿಸಿಯಾಗಿತ್ತು.

ಕದುರಪ್ಪನಿಗೆ ಹೇಳಲು ಹೋದೆ. ಯಂತ್ರ ಈಗ ಮನುಷ್ಯ ಅನ್ನುತ್ತದೆ, ಒಂದು ಸಲ ಬಡಿದು ನೋಡು ಎಂದೆ. ಅವನು ತಲೆ ಎತ್ತಲಿಲ್ಲ. ಹಾರೆಯ ಮೊನೆಯನ್ನು ಕಲ್ಲಿಗೆ ಮಸೆಯುತ್ತ ಕೂತಿದ್ದ.

ಸ್ವಾತಿ ಮಳೆಯ ಮೊದಲ ದಿನ ಮಧ್ಯಾಹ್ನ ಗುಡ್ಡದ ಕಡೆ ಕಪ್ಪಾಯಿತು. ಕೆರೆಯ ಮಟ್ಟ ಏರಿತು. ‘ಹದಿಮೂರು ನಿಮಿಷದಲ್ಲಿ ನಾಲ್ಕನೇ ಗೇಟು ತೆರೆಯಲಾಗುವುದು.’ ಇನ್ನೂರ ಹನ್ನೆರಡರಲ್ಲಿ ಕೆಸರಿನಲ್ಲಿ ಕಾಲು ಎಳೆಯುವ ಸದ್ದು. ಎದ್ದು ಸರಳು ಹಿಡಿದೆ. ಸ್ಕೂಟರಿನ ಕೀಲಿ ಹುಡುಕುವಾಗ ಕಾಲಿನ ಸದ್ದು ನಿಂತಿತು. ನಾನೂ ನಿಂತೆ.

ಒಂದು. ಎರಡು. ಮೂರು.

‘ಇನ್ನೂರ ಹನ್ನೆರಡು. ಮನುಷ್ಯ. ಒಬ್ಬ. ನಾಲ್ಕನೇ ಗೇಟು ತಡೆಯಲಾಗಿದೆ.’

ಅಲ್ಲಿಂದ ಹಳೇಪೇಟೆ ಎರಡು ಮೈಲಿ. ಸರಳಿನ ತುದಿಯಿಂದ ನೆಲಕ್ಕೆ ಜೋರಾಗಿ ಎರಡು ಸಲ ಬಡಿದೆ. ಟೈಲ್ಸು ಬಿರುಕು ಬಿಟ್ಟಿತು. ಕೆಳಗೆ ಕಂದಾಯ ವಿಭಾಗದಿಂದ ಯಾರೋ, ‘ಯಾರ್ರೀ ಅದು ಮೇಲೆ?’ ಎಂದು ಕೂಗಿದರು.

ನಾನೂ ಇದ್ದೀನಿ ಎಂದೆ.